ಹುಡುಗಿಯರ ಮೇಜಿನ ಚೆಂಡುಗಳು

ಕೋಠಿ, ಹೈದರಾಬಾದ್
12 ಜೂನ್ 2024

ಅಹಲ್ಯಾ,

ಫೋನ್ ಮಾಡಿ ಮಾಡಿ ಸಾಕಾಯಿತು. ನನ್ನ ನಂಬರು ಕಂಡರೆ ನೀನು ಎತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾಗದ ಹಿಡಿದಿದ್ದೇನೆ. ನಿನ್ನ ಮನೆಯ ವಿಳಾಸ ನನ್ನಲ್ಲಿಲ್ಲ, ಅದಕ್ಕೇ ಕಂಪನಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಣ್ಣನನ್ನು ಕೇಳಬಹುದಿತ್ತು. ಕೇಳಲಿಲ್ಲ.

ನೀನು ವಿಜಯಕುಮಾರಣ್ಣನನ್ನು ಬಿಟ್ಟು ಶಂಶಾಬಾದಿಗೆ ಹೋಗಿ ಮೂರು ವರ್ಷವಾಯಿತು. ನಿನ್ನನ್ನು ಅತ್ತಿಗೆ ಎನ್ನುವ ಹಕ್ಕನ್ನು ಕೋರ್ಟು ತೆಗೆದುಹಾಕಿತು. ನಾವಿಬ್ಬರೂ ಇದೇ ಕ್ಲಬ್ಬಿನಲ್ಲಿ ಜೋಡಿಯಾಗಿ ಪೂಲ್ ಆಡಿದವರು ಎಂಬುದನ್ನು ಯಾವ ಕೋರ್ಟೂ ತೆಗೆದುಹಾಕಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕ್ಲಬ್ಬಿನಲ್ಲಿ ಈಗ ಮೂರು ಪೂಲ್ ಮೇಜುಗಳಿವೆ. ಒಂದು ಸದಸ್ಯರದು. ಇನ್ನೆರಡರ ಮೇಲೆ ನಾನು ಸಂಜೆ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಅದರಲ್ಲೂ ಒಂದಕ್ಕೆ ಹೊದಿಸಲು ಹೊಸ ಬಟ್ಟೆ ಬರಬೇಕಿರುವುದರಿಂದ ಸದ್ಯ ಒಂದರ ಮೇಲೇ ಎಲ್ಲರೂ ಆಡುತ್ತಾರೆ. ಯುಗಾದಿ ಹೊತ್ತಿಗೆ ಮೂರೂ ಮೇಜಿಗೆ ಹೊಸ ಚೆಂಡುಗಳು ಬಂದವು. ಪೆಟ್ಟಿಗೆಯ ಮೇಲೆ 'ಅಪ್ಪಟ ಫೀನಾಲಿಕ್ ರಾಳ, ಪಂದ್ಯದ ದರ್ಜೆ' ಎಂದು ಬರೆದಿದೆ, ಅದರ ಕೆಳಗೆ ನಿನ್ನ ಕಂಪನಿಯ ಚೀಟಿ ಇದೆ. ಎರಡೇ ತಿಂಗಳಲ್ಲಿ ನಮ್ಮ ಮೇಜಿನ ಚೆಂಡುಗಳು ಮಂಕಾದವು. ತ್ರಿಕೋನವಾಗಿ ಜೋಡಿಸಿದ ಚೆಂಡುಗಳನ್ನು ಮೊದಲ ಹೊಡೆತದಲ್ಲಿ ಚದುರಿಸಿದಾಗಲೆಲ್ಲ ಹಸಿರು ಬಟ್ಟೆಯ ಮೇಲೆ ಬಿಳಿ ಗೆರೆ ಏಳುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಅದು ಸುಟ್ಟ ಗೆರೆ. ಸದಸ್ಯರ ಮೇಜಿನ ಬಟ್ಟೆ ಮಾತ್ರ ಮೊದಲ ದಿನದ ಹಾಗೇ ಇದೆ.

ಅಧ್ಯಕ್ಷರು ಅಮೃತಪ್ಪನವರು ನಿನಗೆ ಗೊತ್ತಲ್ಲ, ಸುಲ್ತಾನ್ ಬಜಾರಿನ ಸೀರೆ ಅಂಗಡಿಯವರು. ಮೇಜಿನ ಮೇಲೆ ಕೈಯಾಡಿಸಿ ಎಲ್ಲರ ಮುಂದೆ ಅಂದರು: "ಗೋದಾವರಿಬಾಯಿ, ಚೆಂಡು ಒಂದ ಕಂಪನಿದು, ಡಬ್ಬಿ ಒಂದ. ನಮ್ಮ ಮೇಜು ಛಲೋ ಐತಿ, ನಿಮ್ಮದ ಯಾಕ ಸುಟ್ಟೈತಿ? ಹುಡಿಗ್ಯಾರಿಗೆ ಕೋಲು ಹಿಡಿಯಾಕ ಬರಂಗಿಲ್ಲ, ಅಷ್ಟ." ಚೆಂಡುಗಳನ್ನೇ ಒಮ್ಮೆ ಪರೀಕ್ಷೆ ಮಾಡಿಸೋಣ ಎಂದೆ. "ಬಟ್ಟಿ ವ್ಯಾಪಾರ ಮಾಡಾವ ನಾ. ನನಗ ಬಟ್ಟಿ ಬಗ್ಗೆ ಹೇಳಬ್ಯಾಡ್ರಿ," ಎಂದರು. ಕ್ಲಬ್ಬಿನ ಕಾರ್ಯದರ್ಶಿ ವಿಜಯಕುಮಾರಣ್ಣ ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದ.

ಬಟ್ಟೆ ಹಾಳಾಗುವುದು ನಿಲ್ಲದಿದ್ದರೆ ಹುಡುಗಿಯರ ಸಂಜೆಗಳನ್ನೇ ನಿಲ್ಲಿಸುತ್ತಾರಂತೆ. ನಿನ್ನನ್ನು ನೇರವಾಗಿ ಕೇಳುತ್ತೇನೆ, ಆ ಚೆಂಡುಗಳು ನಿಜವಾಗಿ ಏತರಿಂದ ಮಾಡಿದವು?

ಉತ್ತರಕ್ಕೆ ಕಾಯುತ್ತಾ,
ಗೋದಾವರಿ


ಶಂಶಾಬಾದ್
29 ಜೂನ್ 2024

ಗೋದಾವರಿ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಕೇಳಿದ್ದಕ್ಕೆ ನನಗೆ ತಿಳಿದಷ್ಟು ಉತ್ತರ ಕೆಳಗಿದೆ.

ಮಾರುಕಟ್ಟೆಯಲ್ಲಿ ಒಳ್ಳೆಯದು ಎಂದು ಮಾರುವ ಚೆಂಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫೀನಾಲಿಕ್ ರಾಳದ ಚೆಂಡನ್ನು ಅಚ್ಚಿಗೆ ಸುರಿದ ಮೇಲೆ ಬಹಳ ದಿನ ಶಾಖದಲ್ಲಿ ಗಟ್ಟಿಗೊಳಿಸಿ, ಆಮೇಲೆ ಉಜ್ಜಿ ನಯ ಮಾಡುತ್ತಾರೆ. ಅದರ ತೂಕ ಎಲ್ಲ ಕಡೆ ಒಂದೇ ಸಮ. ಪಾಲಿಯೆಸ್ಟರ್ ಬೇಗ ಗಟ್ಟಿಯಾಗುತ್ತದೆ, ಅಗ್ಗ. ಹೊಸದರಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಜೋರಾಗಿ ಹೊಡೆದಾಗ ಚೆಂಡು ಉರುಳುವುದಕ್ಕೆ ಮೊದಲು ಒಂದು ಕ್ಷಣ ಬಟ್ಟೆಯ ಮೇಲೆ ಜಾರುತ್ತದೆ. ಆ ಜಾರಿಕೆಯಲ್ಲಿ ಹುಟ್ಟುವ ಬಿಸಿಯನ್ನು ಫೀನಾಲಿಕ್ ತಡೆದುಕೊಳ್ಳುತ್ತದೆ. ಪಾಲಿಯೆಸ್ಟರ್ ತಾನೂ ಸವೆದು ಬಟ್ಟೆಯನ್ನೂ ಸುಡುತ್ತದೆ. ಒಂದಕ್ಕೊಂದು ತಾಗುವ ಸದ್ದೂ ಬೇರೆ. ಮೊದಲನೆಯದು ಟಕ್ ಎನ್ನುತ್ತದೆ, ಎರಡನೆಯದರ ಸದ್ದು ಒಳಗೇ ಉಳಿಯುತ್ತದೆ.

ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ಎಂದು ನಾನು ಹೇಳಲಾರೆ. ನನ್ನ ಕೆಲಸ ವಿಮಾನ ನಿಲ್ದಾಣದಿಂದ ಬಂದ ಸರಕನ್ನು ಗೋದಾಮಿಗೆ ಸೇರಿಸುವುದು. ದೂರಿದ್ದರೆ ಕ್ಲಬ್ಬಿನ ಕಾರ್ಯದರ್ಶಿಯ ಮೂಲಕ ಬರೆಸಿ.

ಚೆಂಡಿನ ಬಗ್ಗೆ ಇಷ್ಟುದ್ದ ಬರೆದಿದ್ದೀರಿ. ನಾನು ಹೇಗಿದ್ದೇನೆ ಎಂದು ಒಂದು ಸಾಲಿಲ್ಲ. ಇರಲಿ, ಹಾಗೆಯೇ ಒಳ್ಳೆಯದು.

ಇಂತಿ,
ಅಹಲ್ಯಾ


ಕೋಠಿ
21 ಜುಲೈ 2024

ಅಹಲ್ಯಾ,

'ನೀವು' ಎಂದು ಬರೆದದ್ದನ್ನು ಓದಿಕೊಂಡೆ. ಅದಕ್ಕೆ ಈ ಕಾಗದದಲ್ಲಿ ಉತ್ತರವಿಲ್ಲ.

ಸದ್ದಿನ ಬಗ್ಗೆ ನೀನು ಬರೆದ ಸಾಲು ಓದಿದ ದಿನವೇ ಕ್ಲಬ್ಬಿನ ಹಾಲ್‌ನ ನಡುವೆ ಕಣ್ಣು ಮುಚ್ಚಿ ನಿಂತೆ. ಸದಸ್ಯರ ಮೇಜಿನಿಂದ ಟಕ್, ಟಕ್. ನಮ್ಮ ಮೇಜಿನಿಂದ ಒದ್ದೆ ಬಾಗಿಲು ತಟ್ಟಿದ ಹಾಗೆ. ಇಷ್ಟು ದಿನ ಇದು ಕೇಳಿಸಿರಲಿಲ್ಲವಲ್ಲ ಎಂದು ನನ್ನ ಕಿವಿಯ ಮೇಲೆ ನನಗೇ ಸಿಟ್ಟು ಬಂತು.

ಸಿಟ್ಟಿನಲ್ಲಿ ಒಂದು ಕೆಲಸ ಮಾಡಿದೆ. ನಮ್ಮ ಮೇಜಿನ ಒಂದು ಹಳದಿ ಚೆಂಡನ್ನು ಕೆಳಗಿನ ಬೀಗದ ಅಂಗಡಿಗೆ ಒಯ್ದು ಗರಗಸದಲ್ಲಿ ಎರಡು ಹೋಳು ಮಾಡಿಸಿದೆ. ಒಳಗೆ ಸಾಸಿವೆ ಗಾತ್ರದ ಗಾಳಿಗುಳ್ಳೆಗಳು. ಒಂದು ಪಕ್ಕ ಸುಣ್ಣದಂಥ ಬಿಳಿ ಪುಡಿ. ಇಂಥ ಚೆಂಡು ನೆಟ್ಟಗೆ ಉರುಳುವುದಾದರೂ ಹೇಗೆ? ಹೋಳುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಸಮಿತಿಯ ಮುಂದೆ ಇಟ್ಟೆ. ಈಗಲಾದರೂ ಯಾರಾದರೂ ಬಗ್ಗಿ ನೋಡುತ್ತಾರೆ ಎಂದುಕೊಂಡಿದ್ದೆ.

"ಕ್ಲಬ್ಬಿನ ಚೆಂಡು ಕೊಯ್ಯಾಕ ನಿಮಗ ಪರ್ಮಿಶನ್ ಕೊಟ್ಟವರ ಯಾರು?" ಅಮೃತಪ್ಪನವರು ಕೇಳಿದರು.

"ಒಳಗ ನೋಡ್ರಿ ಸಾಹೇಬ್ರ, ಗುಳ್ಳಿ ಅದಾವ."

"ಕಲ್ಲಂಗಡಿ ಏನ್ರಿ ಅದು, ಒಳಗ ನೋಡಾಕ? ಯಾವ ಚೆಂಡು ಕೊಯ್ದರೂ ಹಂಗ ಇರ್ತಾವ."

"ಹಂಗಾರ ನಿಮ್ಮ ಮೇಜಿಂದೂ ಒಂದು ಕೊಡ್ರಿ, ಕೊಯ್ದು ನೋಡೂಣು."

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. "ಗೋದು, ಸಾಕ ಮಾಡು," ಎಂದ, ಅಷ್ಟೇ. ಅಂದು ಆದ ತೀರ್ಮಾನ ಕೇಳು. ಚೆಂಡು ಹಾಳು ಮಾಡಿದ್ದಕ್ಕೆ ನನಗೆ ಎಚ್ಚರಿಕೆ, ಹುಡುಗಿಯರ ವಾರದ ನಾಲ್ಕು ಸಂಜೆ ಎರಡಕ್ಕೆ ಇಳಿತ. ಚೆಂಡಿನ ವಿಚಾರ ಒಂದು ಅಕ್ಷರವಿಲ್ಲ.

ನಮ್ಮಲ್ಲಿ ತನ್ವಿ ಎಂಬ ಹುಡುಗಿ ಇದ್ದಾಳೆ. ಮೈಸೂರಿನವರು, ತಾಯಿ ಇಲ್ಲಿ ಐಟಿ ಕಂಪನಿಯಲ್ಲಿದ್ದಾರೆ. ಮುಂದಿನ ತಿಂಗಳು ಅವಳಿಗೆ ರಾಜ್ಯ ತಂಡದ ಆಯ್ಕೆ ಪಂದ್ಯ. ಇಂಥ ಕೈ ನಾನು ನಿನ್ನ ನಂತರ ನೋಡಿಲ್ಲ. ಅವಳು ಅಭ್ಯಾಸ ಮಾಡುತ್ತಿರುವುದು ಈ ಚೆಂಡುಗಳ ಮೇಲೆ. ನಿನ್ನ ಗೋದಾಮಿನಲ್ಲಿ ಏನಾಯಿತು ಎಂದು ನಿನಗೆ ಗೊತ್ತು. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದು ಬರೆಯುತ್ತಿದ್ದೆ. 'ಹೇಳಲಾರೆ' ಎಂದು ಬರೆದಿದ್ದೀಯ.

ಗೋದಾವರಿ


ಶಂಶಾಬಾದ್
18 ಆಗಸ್ಟ್ 2024

ಗೋದಾವರಿ,

ನಿನ್ನ ಕಾಗದ ಬಂದು ಮೂರು ವಾರ ಮೇಲಾಯಿತು. ಎರಡು ಸಲ ಬರೆದು ಹರಿದೆ. ಹೌದು, ಗೊತ್ತು.

ಮಾರ್ಚ್ ತಿಂಗಳಲ್ಲಿ ನಿನ್ನ ಅಣ್ಣ ನಮ್ಮ ಗೋದಾಮಿಗೆ ಬಂದಿದ್ದ. ನಾನಿಲ್ಲಿ ಕೆಲಸ ಮಾಡುವುದು ಅವನಿಗೆ ತಿಳಿದಿರಲಿಲ್ಲ ಅನಿಸುತ್ತದೆ, ನನ್ನನ್ನು ಕಂಡು ಬಾಗಿಲಲ್ಲೇ ಒಂದು ಕ್ಷಣ ನಿಂತ. ಮ್ಯಾನೇಜರು ಎರಡೂ ಬಗೆಯ ಪೆಟ್ಟಿಗೆ ತರಲು ನನಗೇ ಹೇಳಿದರು. ತಂದು ಮೇಜಿನ ಮೇಲಿಟ್ಟೆ. ಅಸಲಿ ಎರಡು ಚೆಂಡು, ಅಗ್ಗದವು ಎರಡು. ಅವನು ಎಲ್ಲವನ್ನೂ ಕೈಯಲ್ಲಿ ಹಿಡಿದು ತಾಗಿಸಿ, ತೂಗಿ ನೋಡಿದ. ಆಟ ಬಲ್ಲವನು, ವ್ಯತ್ಯಾಸ ತಿಳಿಯದೇ ಇರಲಿಲ್ಲ. ನನ್ನ ಜೊತೆ ಮಾತಾಡಲಿಲ್ಲ. ಮ್ಯಾನೇಜರಿಗೆ ಅಂದ: "ಹಮಾರೆ ಟೇಬಲ್ ಕೋ ಏಕ್ ಅಸಲಿ ದೇವೋ ಭಾಯ್. ಲಡ್ಕಿಯಾಂಕೇ ಟೇಬಲ್ ಕೋ ಅಸಲಿ ಕಾಯ್ಕು? ಚಮಕ್ ತೋ ಏಕ್‌ಹೀಚ್ ಹೈ."

ತಮ್ಮ ಮೇಜಿಗೆ ಒಂದು ಅಸಲಿ ಕೊಡಿ, ಹುಡುಗಿಯರ ಮೇಜಿಗೆ ಅಸಲಿ ಏತಕ್ಕೆ, ಹೊಳಪು ಒಂದೇ ಇದೆಯಲ್ಲ! ಆಮೇಲೆ ಮೂರೂ ಪೆಟ್ಟಿಗೆಗೆ ಒಂದೇ ಚೀಟಿ ಹಾಕಿಸಿದ, ಇಲ್ಲದಿದ್ದರೆ ತಂಗಿ ಜಗಳ ತೆಗೆಯುತ್ತಾಳೆ ಎಂದ. ಪ್ಯಾಕಿಂಗಿನವರು ಚೀಟಿ ಅಂಟಿಸಿದರು. ನಾನು ಅಲ್ಲೇ ನಿಂತಿದ್ದೆ.

ಈಗ ನಾನು ನಿಮ್ಮ ಸಮಿತಿಯ ಮುಂದೆ ಬಂದು ಇದನ್ನು ಹೇಳಿದರೆ ಅವರು ಚೆಂಡು ನೋಡುವುದಿಲ್ಲ, ನನ್ನನ್ನು ನೋಡುತ್ತಾರೆ. ಬಿಟ್ಟುಹೋದ ಹೆಂಡತಿ ಸೇಡು ತೀರಿಸಿಕೊಳ್ಳಲು ಬಂದಿದ್ದಾಳೆ ಎನ್ನುತ್ತಾರೆ. ವಿಚ್ಛೇದನದ ಹೊತ್ತಿನಲ್ಲಿ ಅಂಥ ಮಾತನ್ನು ಒಮ್ಮೆ ಕೇಳಿಸಿಕೊಂಡವಳು ನಾನು. ಆಗ ಆ ಮನೆಯಿಂದ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಫೋನ್ ಮಾಡಿ 'ಅಹಲ್ಯಾ, ನಿನ್ನ ಮಾತು ನಂಬುತ್ತೇನೆ' ಎನ್ನುತ್ತಾರೆ ಎಂದು ಕಾಯ್ದಿದ್ದೆ.

ನೀನು ಈಗ ಫೋನ್ ಮಾಡಿದ್ದು ಚೆಂಡಿಗಾಗಿ.

ಬೇಕಾದರೆ ಒಂದು ಅಸಲಿ ಸೆಟ್ ಹೇಗಾದರೂ ಮಾಡಿ ತನ್ವಿಗೆ ಕಳಿಸುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗದು.

ಅಹಲ್ಯಾ


ಕೋಠಿ
1 ಸೆಪ್ಟೆಂಬರ್ 2024

ಅಹಲ್ಯಾ,

ಸೆಟ್ ಕಳಿಸಬೇಡ. ಕಳ್ಳತನದಿಂದ ಬಂದ ನ್ಯಾಯ ನನಗೆ ಬೇಡ, ಜೊತೆಗೆ ತಡವೂ ಆಯಿತು.

ಮೊನ್ನೆ ಸಿಕಂದರಾಬಾದಿನಲ್ಲಿ ಆಯ್ಕೆ ಪಂದ್ಯ ಮುಗಿಯಿತು. ಅಲ್ಲಿ ಒಳ್ಳೆಯ ಮೇಜು, ಒಳ್ಳೆಯ ಚೆಂಡು. ಅದೇ ತನ್ವಿಗೆ ಮುಳುವಾಯಿತು. ಅವಳು ನಿಲ್ಲಿಸಬೇಕೆಂದ ಕಡೆ ಬಿಳಿ ಚೆಂಡು ನಿಲ್ಲಲಿಲ್ಲ, ಒಂದು ಗೇಣು ಮುಂದಕ್ಕೆ ಓಡಿತು. ಒಮ್ಮೆಯಲ್ಲ, ಪ್ರತಿ ಸಲ. ಸುಲಭದ ಆಟಗಾರ್ತಿಯೊಬ್ಬಳ ಎದುರು ಸೋತು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ತನ್ನ ಬಲಗೈಯನ್ನು ಮುಂದೆ ಹಿಡಿದು ನೋಡುತ್ತಿದ್ದಳು.

"ಮೇಡಂ, ನನ್ನ ಕೈ ಸುಳ್ಳು ಕಲಿತುಬಿಟ್ಟಿದೆ," ಎಂದಳು. "ಇದನ್ನ ಮರೆಸೋಕೆ ಎಷ್ಟು ದಿನ ಬೇಕಾಗತ್ತೆ?"

ಕ್ಲಬ್ಬಿನಲ್ಲಿ ಅಮೃತಪ್ಪನವರು ತಮ್ಮ ತೀರ್ಪು ಸಿದ್ಧ ಇಟ್ಟುಕೊಂಡಿದ್ದರು: "ನಾ ಅಂದಿದ್ನಲ್ಲಾ? ಹುಡಿಗಿಗೆ ಕೈ ಇಲ್ಲ." ಅಣ್ಣ ಅಲ್ಲೇ ಇದ್ದ. ನಿನ್ನ ಕಾಗದ ಓದಿದ ಮೇಲೆ ಅವನನ್ನು ನಾನು ಮೊದಲ ಸಲ ನೋಡಿದ್ದು ಅಂದು. ಅವನು ತಿಂಡಿ ತಿನ್ನುತ್ತಿದ್ದ ರೀತಿಯನ್ನು ಕೂಡ ಸಹಿಸಲಾಗಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿ ಮನೆಗೆ ಬಂದೆ, ಏಕೆಂದರೆ ಆಡಿದ್ದರೆ ನಿನ್ನ ಹೆಸರು ಬರುತ್ತಿತ್ತು.

ನಿನ್ನ ಹೆಸರು ಬರುವುದಿಲ್ಲ. ನೀನು ಯಾರ ಮುಂದೆಯೂ ಬಂದು ನಿಲ್ಲಬೇಕಾಗಿಲ್ಲ. ಇದು ನಮ್ಮ ಮನೆಯವನ ಕೆಲಸ, ನಾನೇ ನೋಡಿಕೊಳ್ಳುತ್ತೇನೆ.

ಉಳಿದದ್ದಕ್ಕೆ, ನೀನು ಕಾಯ್ದಿದ್ದೆ ಎಂದು ಬರೆದೆಯಲ್ಲ ಅದಕ್ಕೆ, ಕಾಗದದ ಮೇಲೆ ಉತ್ತರ ಬರೆದರೆ ಅಗ್ಗವಾಗುತ್ತದೆ.

ನೀನು ಹೇಗಿದ್ದೀಯ?

ಗೋದಾವರಿ


ಕೋಠಿ
24 ನವೆಂಬರ್ 2024

ಅಹಲ್ಯಾ,

ನಿನ್ನಿಂದ ಉತ್ತರ ಬರಲಿಲ್ಲ. ಆದರೂ ಇಲ್ಲಿ ಆದದ್ದನ್ನು ನಿನಗೆ ನಾನೇ ಹೇಳಬೇಕು, ಬೇರೆಯವರ ಬಾಯಿಂದ ಬರುವುದು ಬೇಡ.

ನಮ್ಮ ಎರಡನೇ ಮೇಜಿಗೆ ಇನ್ನೂ ಬಟ್ಟೆ ಬಂದಿರಲಿಲ್ಲ, ಹಾಗಾಗಿ ಅದರ ಚೆಂಡಿನ ಪೆಟ್ಟಿಗೆ ಒಡೆಯದೆ ಕಪಾಟಿನಲ್ಲೇ ಇತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಕಸ ಗುಡಿಸುವ ಸುಭದ್ರಾ ಬಿಟ್ಟರೆ ಯಾರೂ ಇಲ್ಲದಾಗ, ಆ ಪೆಟ್ಟಿಗೆ ತೆಗೆದೆ. ಹೊಚ್ಚ ಹೊಸ ಅಗ್ಗದ ಚೆಂಡುಗಳನ್ನು ಸದಸ್ಯರ ಮೇಜಿನ ಮೇಲೆ ಜೋಡಿಸಿದೆ. ಅವರ ಅಸಲಿ ಸೆಟ್ಟನ್ನು ನಮ್ಮ ಮೇಜಿಗೆ ತಂದೆ. "ಏನ್ ಮಾಡಾಕತ್ತೀರಿ ಬಾಯಿ?" ಎಂದಳು ಸುಭದ್ರಾ. "ಹೊಳಪು ಒಂದ ಐತಿಲ್ಲೋ ನೋಡಾಕತ್ತೀನಿ," ಎಂದೆ. ಅವಳು ಎರಡೂ ಮೇಜು ನೋಡಿ, "ಒಂದ ಐತ್ರಿ," ಎಂದು ಕಸ ಗುಡಿಸಲು ಹೋದಳು.

ಯಾರಿಗೂ ತಿಳಿಯಲಿಲ್ಲ. ಮೊದಲ ವಾರ ಅಮೃತಪ್ಪನವರು ಗೆದ್ದರು, ಖುಷಿಯಲ್ಲಿ ಎಲ್ಲರಿಗೂ ಇರಾನಿ ಚಹಾ ತರಿಸಿದರು. ದಸರಾ ಆದ ಮೇಲೆ ಗೊಣಗಾಟ ಶುರುವಾಯಿತು. ಚೆಂಡು ನೆಟ್ಟಗೆ ಓಡುತ್ತಿಲ್ಲ, ಎಸಿಯ ತಂಪಿಗೆ ಹೀಗಾಗಿದೆ, ನೆಲ ಒಂದು ಕಡೆ ಇಳಿದಿದೆ. ದೀಪಾವಳಿಯ ಹೊತ್ತಿಗೆ ಅವರ ಹಸಿರು ಬಟ್ಟೆಯ ತುಂಬ ಬಿಳಿ ಗೆರೆ. ನಮ್ಮ ಮೇಜಿನ ಬಟ್ಟೆಯ ಮೇಲೆ ಹಳೆಯವು ಬಿಟ್ಟರೆ ಹೊಸ ಗೆರೆ ಒಂದೂ ಇಲ್ಲ. ಒಂದು ದಿನ ಅಣ್ಣ ಸದಸ್ಯರ ಮೇಜಿನಿಂದ ಒಂದು ಚೆಂಡು ಎತ್ತಿಕೊಂಡ, ಇನ್ನೊಂದಕ್ಕೆ ತಾಗಿಸಿದ. ಸದ್ದು ಕೇಳಿದ. ಹಾಲ್‌ನ ಆ ತುದಿಯಿಂದ ನನ್ನ ಕಡೆ ನೋಡಿದ. ಚೆಂಡು ಕೆಳಗಿಟ್ಟು ಹೊರಟುಹೋದ. ಅವನು ಬಾಯಿ ಬಿಡುವ ಹಾಗಿರಲಿಲ್ಲ.

ಕಳೆದ ವಾರ ಸರ್ವಸದಸ್ಯರ ಸಭೆ. ಅಮೃತಪ್ಪನವರು ಕೂಗಾಡಿದರು: "ನಮ್ಮ ಮೇಜಿನ ಮ್ಯಾಲ ಹುಡಿಗ್ಯಾರನ್ನ ಆಡಾಕ ಬಿಟ್ಟವರ ಯಾರು? ಅವರ ಆಡಿದ್ದಕ್ಕ ಬಟ್ಟಿ ಸುಟ್ಟೈತಿ!"

ನಾನು ಎದ್ದು ನಿಂತೆ. "ಒಬ್ಬ ಹುಡಿಗೀನೂ ಆಡಿಲ್ರಿ. ನೀವ ಆಡೀರಿ. ನಮ್ಮ ಮೇಜಿನ ಚೆಂಡಿಲೆ ಎರಡು ತಿಂಗಳಾತು ನೀವ ಆಡಾಕತ್ತೀರಿ. ನಾನ ಬದ್ಲಿ ಮಾಡೀನಿ."

ಎಂಥ ಗದ್ದಲ ಎಂದರೆ ಕೆಳಗಿನ ಬೀಗದ ಅಂಗಡಿಯವನು ಮೇಲೆ ಬಂದು ಇಣುಕಿದ. ಗದ್ದಲ ಇಳಿದ ಮೇಲೆ ಎಲ್ಲರೆದುರೇ ಅಣ್ಣನನ್ನು ಕೇಳಿದೆ: "ಅಣ್ಣಾ, ಎರಡು ನಮೂನಿ ಚೆಂಡು ತಂದೀ, ಚೀಟಿ ಒಂದ ಯಾಕ ಹಚ್ಚಿಸಿದಿ?"

ಅವನು ಅಂದ: "ಕಲಿಯೂ ಹುಡಿಗ್ಯಾರಿಗೆ ಅಷ್ಟ ಸಾಕಂತ ತಂದೆ. ಅದ್ರಾಗ ತಪ್ಪೇನೈತಿ?"

ತಪ್ಪೇನೈತಿ! ಇದನ್ನು ಅವನು ನಾಚಿಕೆಯಿಂದ ಹೇಳಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು. ನಿಜವಾಗಿ ತಿಳಿಯದವನ ಹಾಗೆ ಕೇಳಿದ. ಸಭೆಯಲ್ಲಿ ಅರ್ಧ ಜನ ತಲೆಯಾಡಿಸಿದರು. ತನ್ವಿಯ ಹೆಸರು ಹೇಳಿದೆ, ಅವಳ ಸೋಲು ಹೇಳಿದೆ. "ಅದನ್ನ ಈಗ ಯಾಕ ತಗೀತೀರಿ," ಎಂದರು ಯಾರೋ.

ಕೊನೆಗೆ ಆದದ್ದು ಇಷ್ಟು. ಮೂರೂ ಮೇಜಿಗೆ ಅಸಲಿ ಚೆಂಡು ತರಿಸುತ್ತಾರೆ. ಹುಡುಗಿಯರಿಗಾಗಿ ಅಲ್ಲ, ಬಟ್ಟೆ ಉಳಿಯಲಿ ಎಂದು. ನಾಲ್ಕು ಸಂಜೆ ವಾಪಸು ಬಂದಿವೆ. ಕಾರ್ಯದರ್ಶಿಯಾಗಿ ಅಣ್ಣ ಮುಂದುವರಿಯುತ್ತಾನೆ. ಸದಸ್ಯರ ನಂಬಿಕೆಗೆ ದ್ರೋಹ ಮಾಡಿದ್ದಕ್ಕೆ ನನ್ನನ್ನು ತರಬೇತಿಯಿಂದ ತೆಗೆದಿದ್ದಾರೆ. ನನ್ನ ಜಾಗಕ್ಕೆ ಅಮೃತಪ್ಪನವರ ಅಳಿಯ ಸೂರಜ್ ಬಂದಿದ್ದಾನೆ. ಕೋಲನ್ನು ಪೊರಕೆ ಹಿಡಿದ ಹಾಗೆ ಹಿಡಿಯುತ್ತಾನೆ. ಒಳ್ಳೆಯ ಚೆಂಡು ಬಂದವು, ಕಲಿಸುವವರು ಹೋದರು. ನಗಬೇಕೋ ಏನು ಮಾಡಬೇಕೋ ತಿಳಿಯುತ್ತಿಲ್ಲ. ತನ್ವಿ ಅಲ್ಲಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಹೋಗು ಎಂದು ಬೈದು ಕಳಿಸಿದ್ದೇನೆ. ಆ ಚೆಂಡುಗಳ ಮೇಲೆ ಅವಳ ಕೈ ನಿಜ ಕಲಿಯಲಿ, ಯಾರು ಪಕ್ಕದಲ್ಲಿ ನಿಂತರೇನು.

ಸಭೆ ಮುಗಿದ ಮೇಲೆ ಅಣ್ಣ ಮನೆಗೆ ಬಂದಿದ್ದ. "ನನ್ನ ತಂಗಿ ಆಗಿ ನನ್ನ ಮಾನ ಕಳದಿ. ಅಕಿ ಕಡೆ ಆಗೀ ಏನು?" ಎಂದ. ಯಾರ ಬಗ್ಗೆ ಹೇಳುತ್ತಿದ್ದಾನೆ ಎಂದು ಕೇಳಲಿಲ್ಲ. "ಆಗೀನಿ," ಎಂದೆ. ಚಹಾ ಕುಡಿಯದೆ ಎದ್ದುಹೋದ.

ಬರುವ ಭಾನುವಾರ ನಾನು ಶಂಶಾಬಾದಿಗೆ ಬರಲೇ? ಮನೆ ಎಲ್ಲಿ ಎಂದು ಬರೆ.

ನಿನ್ನ,
ಗೋದಾವರಿ


ಶಂಶಾಬಾದ್
28 ನವೆಂಬರ್ 2024

ಗೋದಾವರಿ,

ಈ ಭಾನುವಾರ ಬರಬೇಡ.

ನನ್ನ ಹೆಸರು ಬರುವುದಿಲ್ಲ ಎಂದು ನೀನು ಬರೆದಿದ್ದೆ. ಸಭೆಯಲ್ಲಿ ಬರಲಿಲ್ಲ, ನಿಜ. ಆದರೆ ಅವನು ಚೀಟಿ ಹಚ್ಚಿಸಿದ್ದನ್ನು ಕಂಡವರು ಎಷ್ಟು ಜನ? ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಆ ರಾತ್ರಿಯೇ ಅವನ ಫೋನ್ ಬಂತು. ಮೂರು ವರ್ಷದಲ್ಲಿ ಮೊದಲ ಸಲ ಆ ದನಿ ನನ್ನನ್ನು ಮಾತಾಡಿಸಿತು. "ನೀನ ಹೇಳಿದಿ, ಹೌದಿಲ್ಲೋ?" ಎಂದ. ಸುಳ್ಳು ಹೇಳಬಹುದಿತ್ತು. "ಹೌದು, ನಾನ ಹೇಳೀನಿ," ಎಂದೆ. ಆಮೇಲೆ ಅವನು ಹೇಳಿದ್ದನ್ನೆಲ್ಲ ಬರೆಯುವುದಿಲ್ಲ. ಮರುದಿನ ಅವನು ಮ್ಯಾನೇಜರಿಗೂ ಫೋನ್ ಮಾಡಿದ. ಮ್ಯಾನೇಜರು ಸಿಟ್ಟು ತೋರಿಸಲಿಲ್ಲ. ಇನ್ನು ಮುಂದೆ ನನ್ನ ಕೆಲಸ ಹೆದ್ದಾರಿಯ ಆಚೆಯ ಹಳೇ ಗೋದಾಮಿನಲ್ಲಿ ಎಂದರು. ಅಲ್ಲಿ ಫ್ಯಾನ್ ಕೂಡ ಇಲ್ಲ. ನಾನೇ ಬಿಟ್ಟುಹೋಗಲಿ ಎಂದು. ನಾನು ಬಿಡುವುದಿಲ್ಲ.

ಚೆಂಡು ಬದಲಿಸುವ ಮೊದಲು ನನಗೊಂದು ಮಾತು ಹೇಳಬಹುದಿತ್ತು. ನೀನು ತುಂಬಿದ ಸಭೆಯಲ್ಲಿ ಎದ್ದು ನಿಂತೆ, ಗದ್ದಲವಾದರೂ ಸುತ್ತ ಜನರಿದ್ದರು. ಇಲ್ಲಿ ನಾನೊಬ್ಬಳೇ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದೆ. ನಿನ್ನ ಧೈರ್ಯದ ಕಥೆ ಓದಿ ಮೊದಲು ನಕ್ಕೆ, ಸೂರಜ್‌ನ ಪೊರಕೆಯ ಕಡೆ ಬಂದಾಗ ಜೋರಾಗಿಯೇ ನಕ್ಕೆ. ಆಮೇಲೆ ಕಾಗದವನ್ನು ಮುದ್ದೆ ಮಾಡಿ ಎಸೆದೆ. ಮತ್ತೆ ಎತ್ತಿ ಬಿಡಿಸಿ, 'ಆಗೀನಿ' ಎಂದು ನೀನು ಅಂದ ಜಾಗವನ್ನು ಓದಿದೆ.

ಇನ್ನೂ ಸಿಟ್ಟಿದೆ. ಒಂದು ವಾರಕ್ಕೆ ಹೋಗುವಂಥದ್ದಲ್ಲ ಅದು, ಆದರೆ ಒಂದು ವಾರವಾದರೂ ಬೇಕು.

ಅದರ ಮುಂದಿನ ಭಾನುವಾರ ಬಾ. ಬಸ್ ಸ್ಟ್ಯಾಂಡಿನ ಹಿಂದಿನ ಹೊಸ ಕಟ್ಟಡ, ಎರಡನೇ ಮಹಡಿ, ಬಾಗಿಲಿಗೆ ನನ್ನ ಹೆಸರಷ್ಟೇ ಇದೆ. ಊಟಕ್ಕೆ ಬಹಳ ಮೊದಲೇ ಬಾ. ಜಗಳಕ್ಕೆ ಹೊತ್ತು ಬೇಕು.

ಅಹಲ್ಯಾ